ಸಿಸ್ಟರಮ್ಮನ ಗೇಟಿನಲ್ಲಿ ಇಳಿದವರು

ನಗರ ಸಾರಿಗೆ ಬಸ್ಸಿನಲ್ಲಿ ಇಪ್ಪತ್ತೆಂಟು ವರ್ಷ ಕಂಡಕ್ಟರ್ ಆಗಿದ್ದವನು ನಾನು. ಓದಿದ್ದು ಎಸ್ಸೆಸ್ಸೆಲ್ಸಿವರೆಗೆ. ಇಲ್ಲಿ ಬರೆಯುತ್ತಿರುವುದು ಆ ಇಪ್ಪತ್ತೆಂಟು ವರ್ಷಗಳ ವಿಚಾರವಲ್ಲ. ತೊಂಬತ್ತರ ದಶಕದ ನಡುವೆ, ಆರು ದಿನಗಳಲ್ಲಿ, ಒಂದು ಪೆನ್ಸಿಲ್ಲಿನಿಂದ ಮಾಡಿದ ತಪ್ಪು, ಮತ್ತು ಅದನ್ನು ಒಪ್ಪಿಕೊಳ್ಳಲು ಹೋದಾಗ ಮಾಡಿದ ಇನ್ನೊಂದು ತಪ್ಪು. ಮೊದಲನೆಯದನ್ನು ಇಬ್ಬರಿಗೆ ಹೇಳಿದ್ದೇನೆ. ಎರಡನೆಯದನ್ನು ಯಾರಿಗೆ ಹೇಳಬೇಕಾಗಿತ್ತೋ ಅವರು ಈಗ ಇಲ್ಲ.

ನನ್ನದು ಮಾರ್ಕೆಟ್ಟಿನಿಂದ ವೈಟ್‌ಫೀಲ್ಡಿಗೆ ಹೋಗುವ ರೂಟು. ಆಗಿನ್ನೂ ದೊಡ್ಡನೆಕ್ಕುಂದಿಯ ಹತ್ತಿರ ವರ್ತುಲ ರಸ್ತೆಗೆ ಮಣ್ಣು ಸುರಿಯುತ್ತಿದ್ದರು. ಅದರಾಚೆಗೆ ರಾಗಿ ಹೊಲ, ನೀಲಗಿರಿ ತೋಪು, ನಡುನಡುವೆ ಹೊಸ ಕಾರ್ಖಾನೆಗಳ ಉದ್ದುದ್ದ ಕಾಂಪೌಂಡು ಗೋಡೆ. ಆ ಕಡೆ ನಿಲ್ದಾಣಗಳಿಗೆ ಬೋರ್ಡು ಇರಲಿಲ್ಲ. ಹೆಸರು ಇಡುತ್ತಿದ್ದವರು ನಾವೇ. ಕಂಡಕ್ಟರು ಏನು ಕೂಗುತ್ತಾನೋ ಅದೇ ಹೆಸರು. ಒಂದು ಹುಣಸೆಮರ ಕಡಿದು ಎಷ್ಟೋ ವರ್ಷವಾಗಿತ್ತು, ನಾವು ಮಾತ್ರ ‘ಹುಣಸೆಮರ ಯಾರ್ರೀ’ ಎಂದು ಕೂಗುತ್ತಲೇ ಇದ್ದೆವು. ಜನ ಇಳಿಯುತ್ತಲೇ ಇದ್ದರು. ನಂತರ ಬಂದವರು ಅಲ್ಲಿ ಮನೆ ಕಟ್ಟಿಕೊಂಡು ಕಾಗದಕ್ಕೆ ಅದೇ ವಿಳಾಸ ಬರೆಸಿದರು. ಇದೊಂದು ಅಧಿಕಾರ ಅನ್ನುವುದು ಬಹಳ ದಿನ ನನಗೆ ಗೊತ್ತೇ ಇರಲಿಲ್ಲ. ಅದನ್ನು ತಿಳಿಸಿಕೊಟ್ಟವರು ಸಿಸ್ಟರಮ್ಮ.

ಅವರು ಐರ್ಲೆಂಡ್ ದೇಶದವರು. ಹರೆಯದಲ್ಲೇ ಇಲ್ಲಿಗೆ ಬಂದು ಮೊದಲ ಹತ್ತಾರು ವರ್ಷ ಆನೇಕಲ್ ಕಡೆಯ ಹಳ್ಳಿಗಳಲ್ಲಿ ಕೆಲಸ ಮಾಡಿದ್ದರಂತೆ. ಹಾಗಾಗಿ ಅವರ ಕನ್ನಡ ಹೊಲದಲ್ಲಿ ಕಳೆ ಕೀಳುವ ಹೆಂಗಸರ ಕನ್ನಡ. ಬಿಳಿ ಸೀರೆ, ಕೆಂಪು ಮುಖ, ಕೈಯಲ್ಲಿ ಗಂಡಸರ ಕೊಡೆ. ಎರಡು ನಿಲ್ದಾಣಗಳ ನಡುವೆ, ನೀಲಗಿರಿ ತೋಪಿನ ಹಿಂದೆ, ಹೆಂಚಿನ ಮಾಡಿನ ಒಂದು ಚಿಕ್ಕ ದವಾಖಾನೆ ಇತ್ತು. ಕುಷ್ಠರೋಗ ಬಂದು ವಾಸಿಯಾದವರ ಕಾಲಿಗೆ ಅಲ್ಲಿ ಔಷಧಿ ಕಟ್ಟುತ್ತಿದ್ದರು. ರೋಗ ವಾಸಿಯಾದರೂ ಪಾದಕ್ಕೆ ಸ್ಪರ್ಶ ಮರಳುವುದಿಲ್ಲ. ಕಲ್ಲು ಚುಚ್ಚಿದರೆ, ಚಪ್ಪಲಿ ಉಜ್ಜಿದರೆ ಅವರಿಗೆ ತಿಳಿಯುವುದಿಲ್ಲ. ಹುಣ್ಣಾಗಿ ಕೀವು ಕಂಡಾಗಲೇ ಗೊತ್ತಾಗುವುದು. ಅವರಿಗೆ ನಡಿಗೆಯೇ ಶತ್ರು. ಇದನ್ನೂ ಸಿಸ್ಟರಮ್ಮನೇ ಹೇಳಿದ್ದು. ಅಂದರೆ ನಾನು ಮಾಡಿದ್ದನ್ನು ತಿಳಿಯದೆ ಮಾಡಲಿಲ್ಲ.

ಮೊದಲ ಸಲ ಅವರು ಬಸ್ ನಿಲ್ಲಿಸಲು ಕೇಳಿದ ದಿನ ಜೊತೆಗೆ ಮೂರು ಜನ ರೋಗಿಗಳಿದ್ದರು.

“ಇಲ್ಲೇ ಒಸಿ ನಿಲ್ಸಪ್ಪ ಕಂಡಕ್ಟ್ರೇ” ಅಂದರು.

“ಇಲ್ಲಿ ಸ್ಟಾಪಿಲ್ಲ ಕಣಮ್ಮಾ.”

“ಇಳಿಯೋರು ಅವ್ರೆ ಅಂದ್ಮೇಲೆ ಸ್ಟಾಪು ಅಲ್ವಾ? ಸ್ಟಾಪು ಅಂದ್ರೆ ಇನ್ನೇನಪ್ಪ, ನೆಲದಾಗೆ ಬೆಳೀತದಾ?”

ಬೆಳ್ಳಗಿನ ದೊರೆಸಾನಿಯ ಬಾಯಲ್ಲಿ ಆ ಮಾತು ಬಂದಿದ್ದಕ್ಕೆ ಇಡೀ ಬಸ್ಸು ನಕ್ಕಿತು. ನಾನು ‘ಹೋಲ್ಡಾನ್’ ಅಂದು ಸೀಟಿ ಊದಿದೆ. ಅಂದಿನಿಂದ ಅಲ್ಲಿ ಬಸ್ಸು ನಿಲ್ಲತೊಡಗಿತು. ಏನಾದರೂ ಕೂಗಬೇಕಲ್ಲ, ಒಂದು ದಿನ ‘ಸಿಸ್ಟರಮ್ಮನ ಗೇಟ್ ಇಳಿಯೋರು ಬನ್ರೀ’ ಎಂದು ಕೂಗಿದೆ. ಅವರಿಗೆ ಸಿಟ್ಟು ಬಂತು.

“ನನ್ನೆಸ್ರು ಯಾಕಪ್ಪ ಕೂಗ್ತೀಯ? ನಾನಿನ್ನೂ ಬದುಕಿವ್ನಿ.”

“ಬದುಕಿರೋರ ಹೆಸರು ಕೂಗ್ಬಾರ್ದಾ ಸಿಸ್ಟರ್?”

“ನಮ್ ದೇಸದಾಗೆ ಅಂಗಲ್ಲ” ಎಂದು, ಇಳಿಯುವ ಜಾಗ ಬರುವತನಕ ಬಾಗಿಲ ಕಂಬಿ ಹಿಡಿದು ನಿಂತೇ ಹೇಳಿದರು.

ಅವರ ದೇಶದಲ್ಲಿ ನೂರಾರು ಊರುಗಳ ಹೆಸರು ‘ಕಿಲ್’ ಎಂದು ಶುರುವಾಗುತ್ತದಂತೆ. ಕಿಲ್ ಅಂದರೆ ಸನ್ಯಾಸಿ ಕೂತ ಸಣ್ಣ ಕೋಣೆ, ಗುಡಿಸಲು. ಸಾವಿರದ ನಾನೂರು ವರ್ಷದ ಹಿಂದೆ ಯಾರೋ ಒಬ್ಬರು ಕಾಡಿನಲ್ಲೋ ಜೌಗಿನಲ್ಲೋ ಒಂದು ಕೋಣೆ ಕಟ್ಟಿಕೊಂಡು ಕೂತರು. ಜನ ಅವರನ್ನು ಹುಡುಕಿಕೊಂಡು ಬಂದರು. ಕೂತವರು ಸತ್ತರು, ಕೋಣೆ ಬಿತ್ತು, ಹೆಸರು ಉಳಿಯಿತು. ಬ್ರಿಜಿಡ್ ಎಂಬ ಸಂತಳು ಓಕ್ ಎಂಬ ಮರದ ಕೆಳಗೆ ಕೂತಿದ್ದಕ್ಕೆ ಆ ಊರು ಕಿಲ್ಡೇರ್ ಆಯಿತು. “ನಮ್ಮೂರೂ ಒಂದು ಕಿಲ್ಲೇ ಕಣಪ್ಪ. ಯಾವ ಸಂತನ ಎಸ್ರು ಐತೆ, ಅವ್ನು ಗಂಡೋ ಎಣ್ಣೋ, ಏನು ಮಾಡ್ದ, ಒಬ್ರಿಗೂ ಗೊತ್ತಿಲ್ಲ. ಒಂದು ಕಲ್ಲೂ ಉಳಿದಿಲ್ಲ. ಅವ್ರಾಗವ್ರೇ ಎಸ್ರು ಇಟ್ಕೊಳ್ಳಲಿಲ್ಲ. ದಾರಿ ಕೇಳಿದೋರು ಇಟ್ರು, ದಾರಿ ತೋರ್ಸಿದೋರು ಇಟ್ರು. ಈಗ ನೀನು ಮಾಡ್ತಿರೋದೂ ಅದೇಯ. ಉಸಾರಾಗಿರು.”

ಹುಷಾರಾಗಿರು ಅಂದಿದ್ದನ್ನು ನಾನು ತಮಾಷೆ ಎಂದುಕೊಂಡೆ.

ಆಮೇಲೆ ವಾರಕ್ಕೆರಡು ದಿನ ಅವರ ಸಂತರು ನಮ್ಮ ಬಸ್ಸಿನಲ್ಲಿ ಪ್ರಯಾಣ ಮಾಡಿದರು. ಕೆವಿನ್ ಎಂಬ ಸಂತನ ಕೋಣೆ ಎಷ್ಟು ಚಿಕ್ಕದೆಂದರೆ ಪ್ರಾರ್ಥನೆಗೆ ಕೈ ಚಾಚಿದರೆ ಒಂದು ಕೈ ಕಿಟಕಿಯಿಂದ ಹೊರಗೆ. ಒಂದು ಕರಿಹಕ್ಕಿ ಬಂದು ಆ ಅಂಗೈಯಲ್ಲಿ ಮೊಟ್ಟೆ ಇಟ್ಟಿತಂತೆ. ಮರಿಯಾಗಿ ಹಾರಿಹೋಗುವತನಕ ಅವನು ಕೈ ಹಿಂದಕ್ಕೆ ತೆಗೆದುಕೊಳ್ಳಲಿಲ್ಲವಂತೆ. ನಮ್ಮ ಡ್ರೈವರು ಸ್ಟೀರಿಂಗ್ ಹಿಡಿದುಕೊಂಡೇ ತಿರುಗಿ, “ಸಿಸ್ಟರ್, ಆ ಸ್ವಾಮಿಗಳು ನಮ್ ಡಿಪೋಗೆ ಬಂದಿದ್ರೆ ಎರಡೇ ದಿನಕ್ಕೆ ಸಸ್ಪೆಂಡು. ಟೈಮಿಂಗ್ ಅಂತ ಒಂದಿದೆ ಗುರು!” ಅಂದ. ಮರಳುಗಾಡೇ ಇಲ್ಲದ ಆ ಮಳೆ ದೇಶದಲ್ಲಿ ಸನ್ಯಾಸಿಗಳು ಒಂಟಿಯಾಗಿ ಕೂತ ಹಸಿರು ಜಾಗಗಳನ್ನು ಜನ ‘ಮರಳುಗಾಡು’ ಎಂದೇ ಕರೆದರಂತೆ. “ಯಾರೂ ಇಲ್ದಿರೋ ಜಾಗ ಬೇಕಿತ್ತು ಅವ್ರಿಗೆ. ಓಗಿ ಕೂತ್ರು. ಆದ್ರೆ ಜನ ಬಿಡ್ತಾರಾ? ಬಸ್ಸು ತಗೊಂಡು ಬಂದ್ಬಿಟ್ರು” ಎಂದು ಅವರೇ ನಕ್ಕರು.

ಬ್ರಿಜಿಡ್‌ಳ ಇನ್ನೊಂದು ಕಥೆಯನ್ನು ಅವರು ನಗದೆ ಹೇಳಿದ್ದರು. ಅವತ್ತು ಒಬ್ಬ ರೋಗಿ ಪಕ್ಕಕ್ಕೆ ಬಂದು ಕೂತ ಕೂಡಲೇ ಪ್ಯಾಂಟು ಶರಟಿನ ಪ್ರಯಾಣಿಕರೊಬ್ಬರು ದಡಕ್ಕನೆ ಎದ್ದು ನಿಂತರು. ಎದ್ದವರಿಗೂ ಕೇಳುವಂತೆ ಸಿಸ್ಟರಮ್ಮ ನನಗೆ ಹೇಳಿದರು: ಇಬ್ಬರು ಕುಷ್ಠರೋಗಿಗಳು ಬ್ರಿಜಿಡ್‌ಳ ಹತ್ತಿರ ಬಂದರು. ಬಾವಿ ನೀರಿನಲ್ಲಿ ಒಬ್ಬರನ್ನೊಬ್ಬರು ತೊಳೆಯಿರಿ ಅಂದಳು. ಮೊದಲನೆಯವನ ಮೈ ಶುದ್ಧವಾಯಿತು. ಈಗ ನೀನು ಅವನನ್ನು ತೊಳೆ ಅಂದಾಗ, ವಾಸಿಯಾದವನು ಛೀ, ಅವನನ್ನು ಹೇಗೆ ಮುಟ್ಟಲಿ ಅಂದ. ಆ ಕ್ಷಣವೇ ರೋಗ ಮತ್ತೆ ಅವನ ಮೈಗೆ ಬಂತು. ಎದ್ದು ನಿಂತಿದ್ದವರು ಕಿಟಕಿಯಾಚೆ ನೋಡಿದರು. ನಾನು ಒಳಗೊಳಗೇ ಖುಷಿಪಟ್ಟೆ. ಕಥೆ ಅವರಿಗೆ ಹೇಳಿದ್ದು ಎಂದುಕೊಂಡಿದ್ದೆ.

ಮಾರನೆಯ ವರ್ಷ ಗೇಟಿನಿಂದ ಸುಮಾರು ಆರುನೂರು ಹೆಜ್ಜೆ ಮುಂದೆ ಎಲೆಕ್ಟ್ರಾನಿಕ್ಸ್ ಬಿಡಿಭಾಗಗಳ ಒಂದು ಕಾರ್ಖಾನೆ ಶುರುವಾಯಿತು. ಕೆಲಸಕ್ಕೆ ಜನ ತೆಗೆದುಕೊಳ್ಳುವ ಅದರ ಪರ್ಸನೆಲ್ ಆಫೀಸರು ದಾವಣಗೆರೆ ಕಡೆಯವರು. ಹಣೆಯಲ್ಲಿ ವಿಭೂತಿ, ಮೆತ್ತಗಿನ ಮಾತು. ಒಂದು ಬೆಳಿಗ್ಗೆ ಬಸ್ಸು ಹತ್ತಿ ನನ್ನ ಪಕ್ಕ ನಿಂತರು.

“ನೋಡ್ರಿ, ನಮ್ಮಲ್ಲಿ ಕೆಲಸ ಮಾಡೋರು ಬಹಳಷ್ಟು ಹೆಣ್ಣುಮಕ್ಕಳು. ಹಿಂದಿನ ಸ್ಟಾಪಿನಾಗ ಇಳಿದು ಬಿಸಿಲಾಗ ನಡೀತಾರ. ನಮ್ಮ ಗೇಟಿಗೆ ಒಂದು ಸ್ಟಾಪು ಬೇಕಾಗ್ಯದ. ನಿಮ್ಮ ಇಲಾಖೆಗೆ ಬರದ್ರ, ಅಲ್ಲೇ ಹತ್ತಿರ ಒಂದು ಅದ, ಇಷ್ಟು ಹತ್ತಿರ ಎರಡು ಕೊಡಂಗಿಲ್ಲ ಅಂತಾರ. ಮುಂದಿನ ತಿಂಗಳು ಸರ್ವೆ ಅದಂತಲ್ಲ?”

“ಇದೆ ಸಾರ್.”

“ಯಾವುದ್ರಾಗ ಹೆಚ್ಚು ಮಂದಿ ಇಳೀತಾರೋ ಅದು ಉಳೀತದ ಅಂದ್ರು.”

ಅವರು ಕೇಳಿದ್ದು ಅಷ್ಟೇ. ಅವರ ಮೇಲೆ ನಾನು ಏನೂ ಹೊರಿಸುವಂತಿಲ್ಲ. ಹೆಣ್ಣುಮಕ್ಕಳ ಕಷ್ಟವೂ ಸುಳ್ಳಲ್ಲ. ಮುಂದಿನ ಮಾತು ಆಡಿದವನು ನಾನೇ. “ಸಾರ್, ನನ್ನ ಹೆಂಡ್ತಿ ತಮ್ಮ ಒಬ್ಬ ಇದಾನೆ. ಪಿಯುಸಿ ಆಗಿದೆ. ಮೂರು ವರ್ಷದಿಂದ ಮನೇಲೇ ಇದಾನೆ” ಅಂದೆ. ಅವರು ನನ್ನ ಮುಖ ನೋಡಿದರು. “ಅರ್ಜಿ ಹಾಕಸ್ರಿ” ಅಂದರು. ನನ್ನ ಭಾಮೈದ ನಮ್ಮ ಎರಡು ಕೋಣೆಯ ಮನೆಯಲ್ಲೇ ಇದ್ದ. ಬೆಳಿಗ್ಗೆ ಅವನು ಪೇಪರಿನ ಜಾಹೀರಾತಿಗೆ ಗುರುತು ಹಾಕುವುದನ್ನು ನೋಡಿ ನೋಡಿ ನನ್ನ ಹೆಂಡತಿ ಊಟ ಬಿಟ್ಟಿದ್ದಳು. ಇದನ್ನು ನೆಪವೆಂದು ಬರೆಯುತ್ತಿಲ್ಲ. ಏನಾಗಿತ್ತೋ ಅದನ್ನು ಬರೆಯುತ್ತಿದ್ದೇನೆ.

ಸರ್ವೆ ಅಂದರೆ ದೊಡ್ಡ ಕೆಲಸವೇನಲ್ಲ. ಒಂದು ರಟ್ಟಿಗೆ ಸಿಕ್ಕಿಸಿದ ಹಾಳೆ. ಎಡಗಡೆ ನಿಲ್ದಾಣಗಳ ಹೆಸರು, ಬಲಗಡೆ ಖಾಲಿ ಮನೆಗಳು. ಎಲ್ಲೆಲ್ಲಿ ಎಷ್ಟು ಜನ ಇಳಿದರೋ ಅಷ್ಟು ಗೀಟು ಹಾಕಬೇಕು, ಆರು ದಿನ. ಹಾಳೆಯಲ್ಲಿ ‘ಸಿಸ್ಟರಮ್ಮನ ಗೇಟ್’ ಅಂತಲೇ ಟೈಪು ಮಾಡಿದ್ದರು. ಅದರ ಕೆಳಗೆ ಕಾರ್ಖಾನೆಯ ಹೆಸರು; ಆ ಆರು ದಿನ ಅಲ್ಲೂ ಬಸ್ಸು ನಿಲ್ಲಿಸಿ ನೋಡಲು ಹೇಳಿದ್ದರು. ನನ್ನ ಬಾಯಿಂದ ಬಂದ ಹೆಸರು ಸರ್ಕಾರಿ ಕಾಗದಕ್ಕೆ ಬಂದಿದ್ದನ್ನು ಅವತ್ತೇ ಮೊದಲು ನೋಡಿದ್ದು.

ಹೀಗೆ ಮಾಡಿದೆ. ಸಿಸ್ಟರಮ್ಮನ ಗೇಟಿನಲ್ಲಿ ಜನ ಇಳಿಯುವಾಗ ರಟ್ಟನ್ನು ಎದೆಗೆ ಅವುಚಿಕೊಂಡು ಟಿಕೆಟ್ ಚೀಲ ತಡಕುತ್ತಿದ್ದೆ. ಬಸ್ಸು ಹೊರಟು ಕಾರ್ಖಾನೆ ಗೇಟಿಗೆ ಬಂದಮೇಲೆ ಇಲ್ಲಿ ಇಳಿದವರನ್ನೂ ಅಲ್ಲಿ ಇಳಿದವರನ್ನೂ ಸೇರಿಸಿ ಕೆಳಗಿನ ಮನೆಯಲ್ಲಿ ಗೀಟು ಹಾಕುತ್ತಿದ್ದೆ. ಪೂರ್ತಿ ಖಾಲಿ ಬಿಟ್ಟರೆ ಅನುಮಾನ ಬರುತ್ತದೆಂದು ಮೇಲಿನ ಮನೆಯಲ್ಲೂ ಒಂದೋ ಎರಡೋ. ಮೊದಲ ದಿನ ಪೆನ್ಸಿಲ್ ತುದಿ ಎರಡು ಸಲ ಮುರಿಯಿತು. ಎರಡನೆಯ ದಿನ ಡ್ರೈವರು ಕನ್ನಡಿಯಲ್ಲಿ ನೋಡಿ, “ಏನ್ ಗುರು, ಪರೀಕ್ಷೆ ಬರಿಯೋನಂಗೆ ಬೆವರ್ತಿದೀಯ, ಕಾಪಿ ಹೊಡೀತಿದೀಯಾ?” ಅಂದ. ತಮಾಷೆಗೆ ಅಂದಿದ್ದು. ನನಗೆ ನಗುವುದಕ್ಕೆ ಆಗಲಿಲ್ಲ.

ನಾಲ್ಕನೆಯ ದಿನ ಚೆಕಿಂಗ್ ಇನ್‌ಸ್ಪೆಕ್ಟರು ಹತ್ತಿದರು. ಟಿಕೆಟ್ ನೋಡಿ ಮುಗಿಸಿ, ರಟ್ಟನ್ನು ಕೈಗೆ ತೆಗೆದುಕೊಂಡರು. ಮೂರನೆಯ ಸಾಲಿನ ಸೀಟಿನಲ್ಲಿ ಸಿಸ್ಟರಮ್ಮ ಬ್ಯಾಂಡೇಜು ಬಟ್ಟೆಯ ಗಂಟು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದರು.

“ಏನ್ರೀ, ಈ ಸಿಸ್ಟರಮ್ಮನ ಗೇಟಲ್ಲಿ ಇಳಿಯೋರು ಇಷ್ಟೇನಾ?”

ಸಿಸ್ಟರಮ್ಮ ತಲೆ ಎತ್ತಿದರು. ತಮ್ಮ ಹೆಸರು ಕೇಳಿದ್ದಕ್ಕೋ ಏನೋ.

“ಈ ವಾರ ಕಮ್ಮಿ ಸಾರ್” ಅಂದೆ. ಅವರಿಗೆ ಕೇಳಿಸಿತೋ ಇಲ್ಲವೋ ಇಂದಿಗೂ ತಿಳಿಯದು. ಇಳಿಯುವಾಗ ಎಂದಿನಂತೆ “ಬತ್ತೀನಪ್ಪ” ಅಂದು ಇಳಿದರು. ಅವರ ಹಿಂದೆ ಆರು ಜನ ಇಳಿದರು. ಒಬ್ಬೊಬ್ಬರ ಪಾದವೂ ಮೆಟ್ಟಿಲು ತಡಕುವುದನ್ನು ನೋಡಿದೆ. ಎಣಿಸಬಾರದು ಎಂದುಕೊಂಡರೂ ಎಣಿಸಿದ್ದೆ.

ಎರಡು ತಿಂಗಳಿಗೆ ಆದೇಶ ಬಂತು. ಡಿಪೋದ ಗೋಡೆಗೆ ಅಂಟಿಸಿದ್ದರು. ಕಾರ್ಖಾನೆ ಗೇಟು ಖಾಯಂ ನಿಲ್ದಾಣ, ಸಿಸ್ಟರಮ್ಮನ ಗೇಟು ರದ್ದು. ಪಟ್ಟಿಯಲ್ಲಿಲ್ಲದ ಕಡೆ ನಿಲ್ಲಿಸಿದರೆ ಡ್ರೈವರು ಕಂಡಕ್ಟರು ಇಬ್ಬರಿಗೂ ಮೆಮೊ. ಆದೇಶ ಬಂದ ವಾರವೇ ನನ್ನ ಭಾಮೈದ ಕಾರ್ಖಾನೆಯ ಸ್ಟೋರಿನಲ್ಲಿ ಕೆಲಸಕ್ಕೆ ಸೇರಿದ. ಮನೆಯಲ್ಲಿ ಹೋಳಿಗೆ ಮಾಡಿದ್ದರು. ನನ್ನ ಪಾಲಿನದನ್ನು ಭಾಮೈದನ ತಟ್ಟೆಗೆ ಹಾಕಿದೆ.

ರೋಗಿಗಳು ಕಾರ್ಖಾನೆ ಗೇಟಿನಲ್ಲಿ ಇಳಿದು ಹಿಂದಕ್ಕೆ ನಡೆಯತೊಡಗಿದರು. ರಸ್ತೆ ಅಗಲ ಮಾಡಲು ಪಕ್ಕದಲ್ಲೆಲ್ಲ ಜಲ್ಲಿ ಸುರಿದಿದ್ದರು. ಹೋಗುವಾಗ ಆರುನೂರು ಹೆಜ್ಜೆ, ಬರುವಾಗ ಆರುನೂರು. ಬಸ್ಸಿನ ಹಿಂದಿನ ಗಾಜಿನಿಂದ ಅವರು ಸಣ್ಣಗಾಗುವುದು ಕಾಣುತ್ತಿತ್ತು. ನಾನು ಮುಂದಕ್ಕೆ ಹೋಗಿ ನಿಲ್ಲುತ್ತಿದ್ದೆ.

ಒಂದು ಶುಕ್ರವಾರ ಸಿಸ್ಟರಮ್ಮ ಬಸ್ಸಿನಲ್ಲಿ ನನ್ನನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡರು. “ನಂಗೆ ಕನ್ನಡ ಮಾತಾಡಕ್ಕೆ ಬತ್ತದೆ, ಬರಿಯಕ್ಕೆ ಬರಾಕಿಲ್ಲ. ನಿನ್ ಅಕ್ಸರ ಚೆನ್ನಾಗೈತೆ. ನಿಮ್ಮಾಪೀಸಿಗೆ ಒಂದು ಅರ್ಜಿ ಬರ್ಕೊಡಪ್ಪ” ಅಂದರು. ಕಾಗದವನ್ನೂ ಅವರೇ ತಂದಿದ್ದರು. ಬಸ್ಸು ಕೊನೆಯ ನಿಲ್ದಾಣದಲ್ಲಿ ಹತ್ತು ನಿಮಿಷ ನಿಂತಾಗ ಅವರು ಹೇಳುತ್ತಾ ಹೋದರು, ನಾನು ಬರೆಯುತ್ತಾ ಹೋದೆ. “ಇಳಿಯೋರು ಕಮ್ಮಿ ಅಂತ ಯಾರು ಏಳಿದ್ರೋ ನಮಗೆ ತಿಳೀದು ಅಂತ ಬರಿ.” ಬರೆದೆ. “ಏಳಿದೋರು ಒಂದಿನ ಬಂದು ನೋಡ್ಲಿ ಅಂತ ಬರಿ.” ಅದನ್ನೂ ಬರೆದೆ. ಕೊನೆಗೆ ಅವರು ಇಂಗ್ಲಿಷಿನಲ್ಲಿ ರುಜು ಹಾಕಿ, “ನೀನೇ ಕೊಟ್ಬಿಡು, ನಿಮ್ಮೋರಲ್ವಾ, ಬೇಗ ಆಯ್ತದೆ” ಎಂದು ನನ್ನ ಕೈಗೇ ಇಟ್ಟರು.

ಆ ಅರ್ಜಿ ಏಳು ವಾರ ನನ್ನ ಚರ್ಮದ ಚೀಲದ ಹಿಂದಿನ ಅರೆಯಲ್ಲಿತ್ತು. ಅದು ಆಫೀಸಿಗೆ ಹೋದರೆ ಮರುಸರ್ವೆ, ಮರುಸರ್ವೆಯಾದರೆ ಹಳೆಯ ಹಾಳೆ ತೆಗೆಯುತ್ತಾರೆ, ಹಾಳೆಯ ಕೆಳಗೆ ನನ್ನ ರುಜು. ರಾತ್ರಿ ಹಗಲು ಇದೇ ಸರಪಳಿ ತಲೆಯಲ್ಲಿ ಸುತ್ತುತ್ತಿತ್ತು. ಡಿಪೋದಲ್ಲಿ ಯಾರಾದರೂ ನನ್ನ ಹೆಸರು ಹಿಡಿದು ಕೂಗಿದರೆ ಕೈ ತಾನಾಗಿ ಚೀಲದ ಮೇಲೆ ಹೋಗುತ್ತಿತ್ತು. ಸಿಸ್ಟರಮ್ಮ ಹತ್ತುವ ನಿಲ್ದಾಣ ಬರುವಾಗ ಹಿಂದಿನ ಸೀಟುಗಳಿಗೆ ಟಿಕೆಟ್ ಕೊಡಲು ಹೋಗುತ್ತಿದ್ದೆ. ಅವರು ಕೇಳುತ್ತಿದ್ದರು, “ಕೊಟ್ಯಾ ಕಂಡಕ್ಟ್ರಪ್ಪ?” “ಕೊಟ್ಟೆ ಸಿಸ್ಟರ್.” “ಏನಂದ್ರು?” “ನೋಡ್ತೀವಿ ಅಂದ್ರು.” ಒಂದು ಸುಳ್ಳಿಗೆ ಪ್ರತಿವಾರ ನೀರು ಹಾಕಬೇಕಾಗಿತ್ತು.

ಆ ರೋಗಿಗಳಲ್ಲಿ ಸರ್ಜಾಪುರದ ಕಡೆಯಿಂದ ಬರುತ್ತಿದ್ದ ಒಬ್ಬ ಮುದುಕ ಇದ್ದ. ಬುಟ್ಟಿ ಹೆಣೆಯುತ್ತಿದ್ದವನು. ಬೆರಳುಗಳು ಮಡಚಿಕೊಂಡ ಮೇಲೂ ಸಣ್ಣ ಮೊರ ಹೆಣೆದು ತಂದು ಸಿಸ್ಟರಮ್ಮನಿಗೆ ಕೊಡುತ್ತಿದ್ದ. ಯಾವಾಗಲೂ ಬಾಗಿಲ ಪಕ್ಕದ ಒಂಟಿ ಸೀಟಿನಲ್ಲೇ ಕೂರುತ್ತಿದ್ದ. ಎರಡು ಮಂಗಳವಾರ ಅವನು ಕಾಣಲಿಲ್ಲ. ಮೂರನೆಯ ಮಂಗಳವಾರ ಸಿಸ್ಟರಮ್ಮನೇ ಹೇಳಿದರು. ಚಪ್ಪಲಿಯೊಳಗೆ ಜಲ್ಲಿಯ ಚೂರು ಸೇರಿಕೊಂಡಿದೆ. ಅವನಿಗೆ ತಿಳಿಯದೆ ಅದರ ಮೇಲೇ ನಡೆದಿದ್ದಾನೆ, ಹೋಗುತ್ತಾ ಬರುತ್ತಾ. ಹುಣ್ಣು ಮೂಳೆಗೆ ಇಳಿದಿದೆ. ದೊಡ್ಡಾಸ್ಪತ್ರೆಯಲ್ಲಿ ಎಡಗಾಲನ್ನು ಕಣಕಾಲಿನ ಮೇಲೆ ತೆಗೆದರು.

ಮರುದಿನ ನನಗೆ ವಾರದ ರಜೆ. ಮಧ್ಯಾಹ್ನ ದವಾಖಾನೆಗೆ ಹೋದೆ. ಅಷ್ಟು ದಿನ ಆ ಗೇಟಿನ ಹೆಸರು ಕೂಗಿದ್ದೆ, ಒಳಗೆ ಕಾಲಿಟ್ಟಿದ್ದು ಅದೇ ಮೊದಲು. ಸಿಸ್ಟರಮ್ಮ ಜಗಲಿಯಲ್ಲಿ ಕೂತು ಒಗೆದ ಪಟ್ಟಿಬಟ್ಟೆ ಸುತ್ತುತ್ತಿದ್ದರು. ಅರ್ಜಿಯನ್ನು ತೆಗೆದು ಅವರ ಮುಂದೆ ಇಟ್ಟೆ. ಮಡಿಕೆಗಳಲ್ಲಿ ಹರಿಯುವ ಹಾಗಾಗಿತ್ತು. ಎಲ್ಲವನ್ನೂ ಹೇಳಿದೆ. ಪೆನ್ಸಿಲು, ಮೇಲಿನ ಮನೆ, ಕೆಳಗಿನ ಮನೆ, ಭಾಮೈದ, ಇನ್‌ಸ್ಪೆಕ್ಟರಿಗೆ ಹೇಳಿದ ಮಾತು, ಎಲ್ಲ.

ಅವರ ಕೈ ಸುತ್ತುವುದನ್ನು ನಿಲ್ಲಿಸಲಿಲ್ಲ. ಒಂದು ಸುರುಳಿ ಮುಗಿಸಿ ಇನ್ನೊಂದು ತೆಗೆದುಕೊಂಡರು. ನಾನು ಅಳುತ್ತಿದ್ದೆ. ಬೈಯಲಿ ಎಂದು ಕಾಯುತ್ತಿದ್ದೆ.

“ನಮ್ಮ ದೇಸದ ಅಳೇ ಸನ್ಯಾಸಿಗಳ ತಾವ ಒಂದು ಪುಸ್ತಕ ಇರ್ತಿತ್ತು” ಅಂದರು ಕೊನೆಗೆ. “ಯಾವ್ ತಪ್ಪಿಗೆ ಏನ್ ಸಿಕ್ಸೆ ಅಂತ ಬರ್ದಿರೋರು. ಒಬ್ಬ ಮನ್ಸ ಇನ್ನೊಬ್ಬ ಮನ್ಸನ ತಾವ ಗುಟ್ಟಾಗಿ ಏಳ್ಕೊಳ್ಳೋದು, ಅವ್ನು ಪುಸ್ತಕ ನೋಡಿ ಏಳೋದು. ಇಷ್ಟು ದಿನ ಬರೀ ರೊಟ್ಟಿ ನೀರು. ಇಷ್ಟೊತ್ತು ಕತ್ತಿನ ಮಟ್ಟ ತಣ್ಣೀರಾಗೆ ನಿಂತ್ಕೊ.”

“ನಿಂತ್ಕೋತೀನಿ ಸಿಸ್ಟರ್.”

“ಎಲ್ಲಿ ನಿಂತ್ಕೋತೀಯ? ನಿಮ್ ಕೆರೇಲಿ ನಿಂತ್ರೆ ನಾಳೆ ನಿನ್ ಕಾಲಿಗೂ ನಾನೇ ಪಟ್ಟಿ ಕಟ್ಬೇಕಾಯ್ತದೆ.” ಅವರ ಮುಖದಲ್ಲಿ ನಗು ಇರಲಿಲ್ಲ. “ನಂಗೆ ಪುಸ್ತಕ ಬ್ಯಾಡ. ಕಾಲು ನಂದಲ್ಲ ಕಣಪ್ಪ, ನಾನೆಂಗೆ ಚಮಿಸ್ಲಿ? ಯಾರ ಕಾಲೋ ಅವ್ರ ತಾವ ಓಗು. ಆಮೇಲೆ ನಿಮ್ಮಾಪೀಸಿಗೆ ಓಗು. ನೀನು ಏಳಿದ್ದನ್ನ ನಾನು ಯಾರಿಗೂ ಏಳಾಕಿಲ್ಲ. ಏಳೋದಿದ್ರೆ ನೀನೇ ಏಳ್ಬೇಕು.”

ಅರ್ಜಿಯನ್ನು ಅವರು ಮುಟ್ಟಲಿಲ್ಲ. ನಾನೇ ಎತ್ತಿಕೊಂಡು ಬಂದೆ.

ಆಸ್ಪತ್ರೆಗೆ ಹೋಗಲು ನಾಲ್ಕು ದಿನ ಬೇಕಾಯಿತು. ಎರಡು ಸಲ ಬಾಗಿಲತನಕ ಹೋಗಿ ಹಿಂದಿರುಗಿದೆ. ಮೂರನೆಯ ಸಲ ಒಳಗೆ ಹೋದಾಗ ಮುದುಕ ಮಂಚದ ಮೇಲೆ ಒರಗಿ ಕೂತಿದ್ದ. ನನ್ನನ್ನು ನೋಡಿ ಪಕ್ಕದ ಮಂಚದವನಿಗೆ, “ನಮ್ ಬಸ್ನ ಕಂಡಕ್ಟ್ರು ಕಣೋ” ಅಂದ. ಹಣ್ಣಿನ ಚೀಲ ಕೆಳಗಿಟ್ಟು ನಿಂತೆ. ಹೇಗೆ ಶುರು ಮಾಡಬೇಕೋ ತಿಳಿಯದೆ, “ಆ ಸರ್ವೆ ವಾರ ನೆನಪಿದೆಯಾ ತಾತ?” ಅಂದೆ.

“ಇಲ್ದೆ ಏನು? ನೀನು ಗೀಟಾಕದು ನೋಡ್ತಾ ಕುಂತಿದ್ನಲ್ಲ. ನಾವು ಇಳಿಯಾಗ ಆಕ್ತಿರ್ಲಿಲ್ಲ, ಮುಂಚೆ ಬೇರೆ ಸ್ಟಾಪಲ್ಲಿ ಇಳಿದೋರ್ಗೆಲ್ಲ ಆಕ್ತಿದ್ದೆ. ಮೊದ್ಲು ಒಸಿ ಬೇಜಾರಾತು. ಆಮೇಲೆ ಅನ್ಕೊಂಡೆ, ನಮ್ಮಂತೋರ್ನ ಎಣ್ಸಲ್ಲ ಅಂತ ರೂಲ್ಸು ಇದ್ದಾತು ಬಿಡು ಅಂತ.”

ಅವನ ದನಿಯಲ್ಲಿ ಆರೋಪ ಇರಲಿಲ್ಲ. ಅದನ್ನು ಕೇಳಿ ನಾನು ಮಂಚದ ಕಂಬಿ ಹಿಡಿದುಕೊಂಡೆ. ಅಂಥ ರೂಲ್ಸು ಇದ್ದೀತು ಎಂದು ಅವನು ಅಷ್ಟು ಸಲೀಸಾಗಿ ನಂಬಿಬಿಟ್ಟಿದ್ದ.

“ಹಂಗೆ ರೂಲ್ಸು ಇಲ್ಲ ತಾತ. ನಿಮ್ಮನ್ನೆಲ್ಲ ಎಣಿಸಿದ್ದೆ. ಬೇಕಂತಲೇ ಬೇರೆ ಕಡೆ ಬರ್ದೆ. ಆ ಕಾರ್ಖಾನೇಲಿ ನಮ್ಮೋನಿಗೆ ಒಂದು ಕೆಲಸ ಬೇಕಿತ್ತು.”

ಅವನು ಹೊದಿಕೆಯ ಕೆಳಗೆ ಎಡಗಡೆ ಖಾಲಿಯಿದ್ದ ಜಾಗವನ್ನು ಮಡಚಿದ ಬೆರಳುಗಳಿಂದ ಸವರಿದ.

“ಸಿಕ್ತಾ ಕೆಲ್ಸ?”

“ಸಿಕ್ತು.”

“ಊಂ.” ಆಮೇಲೆ, “ಈಗ ಬಸ್ಸು ನಿಲ್ತದಾ ನಮ್ ಗೇಟ್ ತಾವ?” ಅಂದ.

“ನಿಲ್ಸೋ ಹಂಗೆ ಮಾಡ್ತೀನಿ. ಬೇಕಂತಲೇ ಮಾಡ್ದೆ ಅಂತ ಸಾಹೇಬ್ರ ಹತ್ರ ಹೋಗಿ ಹೇಳ್ತೀನಿ.”

“ಏಳು ಮತ್ತೆ” ಅಂದ. ಕ್ಷಮಿಸಿದೆ ಅನ್ನಲಿಲ್ಲ. ಹಣ್ಣಿನ ಚೀಲ ತೆಗೆದುಕೊಂಡು ಪಕ್ಕದ ಮಂಚದವನಿಗೆ ಒಂದು ಕಿತ್ತಳೆ ಕೊಟ್ಟ.

ಡಿಪೋ ಮ್ಯಾನೇಜರ ಕೋಣೆಯ ಹೊರಗೆ ಬೆಂಚಿನ ಮೇಲೆ ಒಂದು ಗಂಟೆ ಕೂತಿದ್ದೆ. ‘ಸಾರ್, ಬೇಕೆಂದೇ ಮಾಡಿದೆ’ ಎಂಬ ಮಾತನ್ನು ಬಾಯಿಯೊಳಗೇ ಹತ್ತಾರು ಸಲ ಹೇಳಿಕೊಂಡೆ. ಕೆಲಸ ಹೋದರೆ ಹೋಗಲಿ ಎಂದು ಹೆಂಡತಿಗೂ ಹೇಳದೆ ಬಂದಿದ್ದೆ. ಕರೆದರು. ಅರ್ಜಿ ಕೊಟ್ಟೆ. ಅವರು ಓದಿದರು. “ಸಾರ್, ಆ ಸರ್ವೆ ಹಾಳೆ ಸರಿಯಿಲ್ಲ. ಆ ಗೇಟಲ್ಲಿ ಇಳಿದೋರನ್ನ ಕೆಳಗಿನ ಮನೇಲಿ ಬರ್ದಿದೀನಿ” ಅಂದೆ.

ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. ನನ್ನ ಮೇಲೆ ಅಲ್ಲಿಯತನಕ ಒಂದು ದೂರೂ ಇರಲಿಲ್ಲ.

“ಏನ್ರೀ ಇದು? ರಶ್ಶಲ್ಲಿ ಕಣ್ತಪ್ಪಿ ಹಾಕಿದ್ರಾ?”

ಅವರು ಕೇಳಿದ್ದು ಅಷ್ಟೇ. ಬಾಗಿಲು ತೆರೆದಿಟ್ಟ ಹಾಗೆ. ಬೆಂಚಿನ ಮೇಲೆ ಕೂತು ಕಲಿತ ಮಾತು ನಾಲಿಗೆಯ ತುದಿಯಲ್ಲೇ ಇತ್ತು. “ಹೌದು ಸಾರ್, ಕಣ್ತಪ್ಪು” ಅಂದೆ.

“ಆರು ದಿನಾನೂ?”

“ಹೌದು ಸಾರ್.”

ಅವರಿಗೆ ನಂಬಿಕೆ ಬಂತೋ ಇಲ್ಲವೋ. ನಂಬುವುದೇ ಅವರಿಗೂ ಸುಲಭವಾಗಿತ್ತೇನೋ. “ಈ ವಯಸ್ಸಲ್ಲಿ ಕನ್ನಡಕ ಹಾಕ್ಕೊಳ್ರೀ. ಬಂದು ಹೇಳಿದ್ರಲ್ಲ, ಒಳ್ಳೇದಾಯ್ತು. ಎಷ್ಟು ಜನ ಹೇಳ್ತಾರೆ?” ಅಂದರು. ಮೆಮೊ ಕೂಡ ಕೊಡಲಿಲ್ಲ. ಬೇರೆ ಕಂಡಕ್ಟರ ಕೈಯಲ್ಲಿ ಮತ್ತೆ ಎಣಿಸಿದರು. ತಿಂಗಳೊಳಗೆ ಹೊಸ ಆದೇಶ ಬಂತು. ಎರಡೂ ನಿಲ್ದಾಣ ಇರಲಿ ಎಂದು ಬರೆದಿತ್ತು. ಎರಡಕ್ಕೂ ಇಳಿಯುವವರು ಸಾಕಷ್ಟಿದ್ದರಂತೆ. ಮೊದಲೇ ನಾನು ಸರಿಯಾಗಿ ಗೀಟು ಹಾಕಿದ್ದರೂ ಬಹುಶಃ ಹೀಗೇ ಆಗುತ್ತಿತ್ತು. ಭಾಮೈದನಿಗೆ ಆ ಕೆಲಸ ಸಿಗುತ್ತಿತ್ತೋ ಇಲ್ಲವೋ, ಒಂದು ಕಾಲಂತೂ ಉಳಿಯುತ್ತಿತ್ತು.

ಸಿಸ್ಟರಮ್ಮನಿಗೆ ಗೇಟಿನಲ್ಲಿ ಮತ್ತೆ ಬಸ್ಸು ನಿಂತಿದ್ದೇ ಉತ್ತರ. ಆಫೀಸಿನಲ್ಲಿ ಏನು ಹೇಳಿದೆ ಎಂದು ಅವರು ಕೇಳಲಿಲ್ಲ. ಮೊದಲ ದಿನ ಇಳಿಯುವಾಗ ನನ್ನ ತೋಳನ್ನು ಒಂದು ಸಲ ಹಿಡಿದು ಬಿಟ್ಟರು. ಅದು ನನಗೆ ಸಲ್ಲಬೇಕಾದದ್ದಲ್ಲ ಎಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಡ್ರೈವರು ಗೇರು ಹಾಕಿದ. ಅವರು ತಮ್ಮ ದೇಶಕ್ಕೆ ಹಿಂದಿರುಗಲೇ ಇಲ್ಲ. ಕೆಲವು ವರ್ಷಗಳ ಮೇಲೆ ಇಲ್ಲೇ ತೀರಿಕೊಂಡರು.

ಮುದುಕ ಮಳೆಗಾಲ ಕಳೆದ ಮೇಲೆ ಊರುಗೋಲು ಹಿಡಿದು ಬಂದ. ನಾನು ಕೈಕೊಟ್ಟು ಹತ್ತಿಸಿದೆ. ಬಾಗಿಲ ಪಕ್ಕದ ಸೀಟಿನವರು ಎದ್ದು ಜಾಗ ಬಿಟ್ಟರು, ಅಸಹ್ಯಕ್ಕೋ ಮರ್ಯಾದೆಗೋ ನೋಡಲಿಲ್ಲ. ಆಮೇಲೆ ಪ್ರತಿ ಮಂಗಳವಾರ ಅವನು ಹತ್ತುವಾಗ ನಾನು ಕಾಯುತ್ತಿದ್ದೆ. ಕೇಳುತ್ತಾನೆ, ಇವತ್ತು ಕೇಳುತ್ತಾನೆ ಎಂದು. ಅವನು ಟಿಕೆಟ್ ತೆಗೆದುಕೊಂಡು ಸುಮ್ಮನೆ ಕೂರುತ್ತಿದ್ದ. ಐದನೆಯದೋ ಆರನೆಯದೋ ವಾರ, ಬಸ್ಸು ಖಾಲಿಯಿದ್ದಾಗ, ಕೇಳಿಯೇಬಿಟ್ಟ.

“ಏಳ್ದಾ ಸಾಯೇಬ್ರಿಗೆ?”

“ಹೇಳ್ದೆ.”

“ಬೇಕಂತ್ಲೇ ಮಾಡ್ದೆ ಅಂತ?”

“ಹೂಂ ತಾತ.”

“ಏನಂದ್ರು?”

“ಬೈದ್ರು.”

“ಚೆನ್ನಾಗಿ ಬೈದ್ರಾ?”

“ಚೆನ್ನಾಗಿ ಬೈದ್ರು.”

ಅವನು ತಲೆಯಾಡಿಸಿದ. ಮುಖ ಸಡಿಲವಾಯಿತು. ಆಸ್ಪತ್ರೆಯಲ್ಲಿ ಕೊಡದೆ ಉಳಿಸಿಕೊಂಡಿದ್ದ ಏನನ್ನೋ ಈಗ ಕೊಡುವವನ ಹಾಗೆ ನನ್ನ ಮೊಣಕೈಯನ್ನು ಆ ಮಡಚಿದ ಕೈಯಿಂದ ತಟ್ಟಿದ. “ಓಗ್ಲಿ ಬಿಡಪ್ಪ. ಬೈಸ್ಕೊಂಡ್ಯಲ್ಲ, ಅಲ್ಲಿಗೆ ಮುಗೀತು” ಅಂದ.

ನಾನು ಅವನನ್ನು ಕೈಹಿಡಿದು ಇಳಿಸಿದೆ.